ಗಾಲಿ ಮುಟ್ಟಿದ ಮಾತು

ಬಸ್ಸಿನ ಗಾಲಿಗಳು ನೆಲ ಬಿಟ್ಟವೆಂದು ಕಾಲಡಿಯಲ್ಲಿ ಗೊತ್ತಾದ ಕೂಡಲೇ ನಾನು ಗಂಟೆ ಹೊಡೆದು "ನೀರು" ಎಂದು ಕೂಗಬೇಕು. ಆಚೆ ದಡದಲ್ಲಿ ಮುಂದಿನ ಗಾಲಿ ಮಣ್ಣಿಗೆ ತಾಗಿದಾಗ ಮತ್ತೆ ಗಂಟೆ ಹೊಡೆದು "ನೆಲ" ಎಂದು ಕೂಗಬೇಕು. ಟಿಕೇಟು ಹರಿಯುವುದು, ಚಿಲ್ಲರೆ ಕೊಡುವುದು, ತಳದಲ್ಲಿ ಜಿನುಗಿದ ನೀರನ್ನು ಬಕೀಟಿನಲ್ಲಿ ಎತ್ತಿ ಚೆಲ್ಲುವುದು, ಇವುಗಳಲ್ಲಿ ಸ್ವಲ್ಪ ಹಿಂದೆಮುಂದಾದರೂ ಯಾರೂ ಕೇಳುವುದಿಲ್ಲ. ಆ ಎರಡು ಕೂಗು ಮಾತ್ರ ತಪ್ಪಬಾರದು. ನಮ್ಮೂರಲ್ಲಿ ನೀರಿನ ಮೇಲೆ ಆಡಿದ ಮಾತು ಲೆಕ್ಕಕ್ಕಿಲ್ಲ. ನೆಲದ ಮೇಲೆ ಆಡಿದ್ದು ಆಡಿದ್ದೇ.

ಕೆರೆ ಊರನ್ನು ಎರಡು ಹೋಳು ಮಾಡಿದೆ. ಮನೆಗಳೆಲ್ಲ ಈ ದಡದಲ್ಲಿ. ಸಂತೆ, ಆಸ್ಪತ್ರೆ, ಕಚೇರಿ, ಹೊರಗಿನ ಊರುಗಳಿಗೆ ಹೋಗುವ ರಸ್ತೆ ಆ ದಡದಲ್ಲಿ. ಸುತ್ತಿಕೊಂಡು ಹೋಗೋಣವೆಂದರೆ ಎರಡೂ ಕಡೆ ಬರೀ ಬಂಡೆ. ಹಾಗಾಗಿ ಉಪ್ಪು ತರುವವರಿಗೂ ಹಲ್ಲು ಕೀಳಿಸುವವರಿಗೂ ನಮ್ಮ ಬಸ್ಸೇ ಗತಿ. ಅದರ ಮೂತಿ ದೋಣಿಯದು, ಬೆನ್ನು ಬಸ್ಸಿನದು, ಬಾಲಕ್ಕೆ ನೀರು ತಳ್ಳುವ ಒಂದು ಪಂಖ. ಡ್ರೈವರ್ ದಸ್ತಗೀರಣ್ಣ ಇಳಿಜಾರಿನ ತುದಿಯಲ್ಲಿ ಒಮ್ಮೆ ಗಡ್ಡ ಸವರಿಕೊಂಡು ಸನ್ನೆಕೋಲು ಎಳೆದನೆಂದರೆ ಗಾಲಿ ಸುಮ್ಮನಾಗಿ ಪಂಖ ತಿರುಗತೊಡಗುತ್ತದೆ. ಅಲ್ಲಿಂದ ಮುಂದೆ ಬಸ್ಸಿನೊಳಗೆ ಕಿವಿ ಮುಚ್ಚಿಕೊಳ್ಳುವಂಥ ಗದ್ದಲ.

ಬೆಲ್ಲದ ವ್ಯಾಪಾರಿ ಎದ್ದು ನಿಂತು, "ನನ್ನ ಬೆಲ್ಲದಾಗ ಸುಣ್ಣ ಐತ್ರೆಪೋ, ಸುಣ್ಣ!" ಎಂದು ಎದೆ ಹಗುರ ಮಾಡಿಕೊಳ್ಳುತ್ತಾನೆ. ಪಕ್ಕದಲ್ಲಿದ್ದ ಗಿರಾಕಿಗಳು ನಗುತ್ತಾರೆ, ದಡ ಹತ್ತಿದ ಮೇಲೆ ಅವನ ಅಂಗಡಿಗೇ ಹೋಗಿ ಬೆಲ್ಲ ಕೊಳ್ಳುತ್ತಾರೆ. ಪಂಚಾಯ್ತಿಯ ಅಧ್ಯಕ್ಷರು ತಾವು ತಿಂದದ್ದನ್ನೆಲ್ಲ ಹಾಡಿನ ಧಾಟಿಯಲ್ಲಿ ಹೇಳುತ್ತಾರೆ, ಜನ ತಾಳ ಹಾಕುತ್ತಾರೆ. ಒಬ್ಬ ಅಣ್ಣ ಎಂದೋ ಸಿಟ್ಟಿನಲ್ಲಿ, ನೆಲದ ಮೇಲೆಯೇ, ತಮ್ಮನನ್ನು ಇನ್ನು ಮಾತಾಡಿಸುವುದಿಲ್ಲ ಎಂದುಬಿಟ್ಟ. ಈಗ ಇಬ್ಬರೂ ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ, ನೀರಿನ ಮೇಲೆ ಒಂದೇ ಬೀಡಿ ಸೇದುತ್ತ ಮಾತಾಡಿಕೊಂಡು ಹೋಗಿ ಬರುತ್ತಾರೆ. ಮಾತು ತಪ್ಪಿದರೆ ಏನಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಏನೂ ಆಗುವುದಿಲ್ಲ. ಹಿಂದೆ ಒಬ್ಬ ತಪ್ಪಿದ್ದ. ಆಮೇಲೆ ಅವನು "ನಮಸ್ಕಾರ" ಎಂದರೂ ಅದು ನಿಜವಿದ್ದೀತೆಂದು ಯಾರೂ ತಿರುಗಿ ಕೈ ಮುಗಿಯಲಿಲ್ಲ. ಅವನು ಊರು ಬಿಟ್ಟ.

ಹೀಗಿರುವುದರಿಂದ ನೆಲದ ಮೇಲೆ ನಮ್ಮ ಜನ ಮಾತಿಗೆ ಬಲು ಜಿಪುಣರು. ಹೂಂ, ಉಹೂಂ, ಆಗಲಿ, ನೋಡೋಣ, ಇಷ್ಟರಲ್ಲೇ ಸಂಸಾರ. ಒಳಗಿನದೆಲ್ಲ ಒಳಗೇ ಕುದಿಯುತ್ತಿರುತ್ತದೆ. ಬಸ್ಸು ಸ್ವಲ್ಪ ತಡವಾಯಿತೋ, ಸ್ಟಾಪಿನಲ್ಲಿ ಒಬ್ಬರೂ ಕೂರುವುದಿಲ್ಲ. ಚಪ್ಪಲಿ ಉಜ್ಜುತ್ತಾರೆ, ಚೀಲ ಈ ಕೈಯಿಂದ ಆ ಕೈಗೆ ಮಾಡುತ್ತಾರೆ, ನೀರಿನವರೆಗೆ ಹೋಗಿ ಇಣುಕಿ ಬರುತ್ತಾರೆ. ನನಗೂ ಅದೇ ರೋಗ ಅಂಟಿದೆ. ರಜೆಯ ದಿನ ಮನೆಯಲ್ಲಿ ಕುಳಿತರೆ ಕಾಲು ತಾನಾಗಿ ಅಲುಗುತ್ತದೆ. ನನ್ನ ಗಂಡನಿಗೆ ಕಿವಿ ಕೇಳಿಸುವುದಿಲ್ಲವಾದ್ದರಿಂದ ನಾನು ಮನೆಯಲ್ಲೇ ಏನು ಬೇಕಾದರೂ ಹೇಳಬಹುದೆಂದು ಊರಿನವರಿಗೆ ಹೊಟ್ಟೆಕಿಚ್ಚು. ಆದರೆ ಯಾರೂ ಕೇಳದ ಕಡೆ ಮಾತಾಡಿದರೆ ಏನು ಹಗುರಾಗುತ್ತದೆ?

ನನ್ನ ಬಸ್ಸಿನ ಜಗಳಗಳಲ್ಲೆಲ್ಲ ಹೆಸರುವಾಸಿಯಾದದ್ದು ತುಂಗವ್ವ ಮತ್ತು ಅವಳ ಸೊಸೆ ನಿಂಬೆವ್ವನದು. ಇಬ್ಬರೂ ಪುಂಡಿ ನಾರಿನ ಹಗ್ಗ ಹೊಸೆದು ಸಂತೆಯಲ್ಲಿ ಮಾರುವವರು. ತುಂಗವ್ವನ ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಇವರಿಬ್ಬರೇ. ಹಗ್ಗದ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಕುಳಿತು ರಾಟೆ ತಿರುವಬೇಕು, ಇನ್ನೊಬ್ಬರು ನಡುವಿಗೆ ನಾರು ಕಟ್ಟಿಕೊಂಡು ಸ್ವಲ್ಪಸ್ವಲ್ಪವೇ ಬಿಡುತ್ತ ಹಿಂದಕ್ಕೆ ನಡೆಯುತ್ತ ಹೋಗಬೇಕು. ಅವರ ಉದ್ದನೆಯ ಹಿತ್ತಲಿನಲ್ಲಿ ಅತ್ತೆ ರಾಟೆ ತಿರುವುತ್ತಿದ್ದಳು, ಸೊಸೆ ಹಿಂದಕ್ಕೆ ನಡೆಯುತ್ತಿದ್ದಳು. ಆ ಹಿತ್ತಲಿಗೆ ಮನೆಯೊಳಗಿಂದಲೇ ದಾರಿ.

ನೆಲದ ಮೇಲೆ ಅವರನ್ನು ನೋಡಿದರೆ ಕಣ್ಣಿಗೆ ತಂಪು. "ಅತ್ತೆಮ್ಮಾರ, ರೊಟ್ಟಿ ಆಗ್ಯಾವ್ರಿ." "ನೀ ಮೊದ್ಲ ತಿನ್ನ ತಂಗಿ." ನಾನು "ನೀರು" ಎಂದು ಕೂಗಿದೆನೋ, ಮುಗಿಯಿತು.

"ಏನ ನಾರ ಬಿಡ್ತೀಯ ನೀ, ದನದ ಜೊಲ್ಲು ಬಿಟ್ಟಂಗ!" ಎಂದು ಅತ್ತೆ ಶುರು ಮಾಡುವಳು.

"ನಿನ್ನ ರಾಟಿ ತಿರುವೋ ಚಂದಕ್ಕ ಜೊಲ್ಲ ಸಾಕು, ಮುದುಕಿ" ಎಂದು ಸೊಸೆ.

"ಮುದುಕಿ ಅಂತಿ? ನನ್ನ ಹಲ್ಲು ಎಣಸು ಬಾ, ನಿನಗಿಂತ ಹೆಚ್ಚದಾವ."

"ಹೆಚ್ಚ ಇರಲಾರದ ಏನ, ದಿನಾ ನನ್ನ ಜೀವಾ ತಿಂದ ಮಸದಾವ!"

ಇಡೀ ಬಸ್ಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಕೊನೆಗೆ ಸೊಸೆ ಪ್ರತಿಸಲವೂ ಒಂದೇ ಮಾತಿಗೆ ಬರುತ್ತಿದ್ದಳು: "ನೋಡ್ತಿರು, ಒಂದಿನ ಹೋಕ್ಕೀನಿ. ಮತ್ತ ನಿನ್ನ ಹೊಸ್ತಿಲಾ ದಾಟಂಗಿಲ್ಲ." ಅಷ್ಟರಲ್ಲಿ ದಡ ಬರುತ್ತಿತ್ತು, ನಾನು "ನೆಲ" ಎನ್ನುತ್ತಿದ್ದೆ. ನಿಂಬೆವ್ವ ಅತ್ತೆಯ ಕೈ ಹಿಡಿದು, "ಸಾವಕಾಶ ಇಳೀರಿ, ಮೆಟ್ಟಲಾ ಹಸಿ ಐತಿ" ಎನ್ನುತ್ತಿದ್ದಳು.

ಆ ಬೇಸಿಗೆ ಕೆರೆ ಹಿಂದೆಂದೂ ಇಲ್ಲದಷ್ಟು ಇಳಿಯಿತು. ಸಂತೆ ಮುಗಿಸಿ ಮನೆಯ ದಡಕ್ಕೆ ಬರುವ ಬಸ್ಸು. ಸೆಕೆಗೆ ಎಲ್ಲರ ತಲೆ ಕಾದಿತ್ತು, ಅತ್ತೆ ಸೊಸೆಯ ಜಗಳವೂ ಅಂದು ಚುರುಕಾಗಿತ್ತು. ನಡುಗೆರೆಯಲ್ಲಿ ಬಸ್ಸಿನ ತಳಕ್ಕೆ ಏನೋ ಉಜ್ಜಿದ ಸದ್ದಾಯಿತು. ದಡಕ್ಕನೆ ಅಲುಗಿ, ಮೂತಿ ಮೇಲೆದ್ದು, ನಾಲ್ಕೂ ಗಾಲಿ ಕೆಸರಿನ ದಿಬ್ಬವೊಂದನ್ನು ಹತ್ತಿ ನಿಂತವು. ಸುತ್ತ ನೀರು, ನಡುವೆ ಎಮ್ಮೆಯ ಬೆನ್ನಿನಂಥ ಮಣ್ಣು, ಅದರ ಮೇಲೆ ನಾವು. ಅಭ್ಯಾಸಬಲದಿಂದ ಎಲ್ಲರ ಬಾಯಿ ಗಪ್ಪನೆ ಮುಚ್ಚಿತು. ನನ್ನ ಕೈಯೂ ತಾನಾಗಿ ಗಂಟೆಯ ದಾರ ಎಳೆದು, ಬಾಯಿ "ನೆಲ" ಎಂದುಬಿಟ್ಟಿತು. ಆ ನಿಶ್ಶಬ್ದದಲ್ಲಿ ನಿಂಬೆವ್ವ ತನ್ನ ಎಂದಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಸ್ಪಷ್ಟವಾಗಿ ಆಡಿದಳು: "ನಾ ಹೋಕ್ಕೀನಿ. ಇನ್ನ ನಿನ್ನ ಹೊಸ್ತಿಲಾ ದಾಟಂಗಿಲ್ಲ."

ಬಸ್ಸು ಆ ಬದಿಗೆ ಜಾರಿ ಮತ್ತೆ ನೀರಿಗಿಳಿಯಿತು. ನಾನು "ನೀರು" ಎಂದೆ. ದಡ ಮುಟ್ಟುವವರೆಗೆ ಒಬ್ಬರೂ ಮಾತಾಡಲಿಲ್ಲ.

ಅವರ ಮನೆ ಸ್ಟಾಪಿಗೆ ಎದುರೇ. ಇಳಿದವರೆಲ್ಲ ಚೀಲ ಹೊತ್ತುಕೊಂಡು ಅಲ್ಲೇ ನಿಂತರು. ತುಂಗವ್ವ ಒಳಗೆ ಹೋಗಿ, ತಿರುಗಿ ನೋಡಿದಳು. ನಿಂಬೆವ್ವ ಬಾಗಿಲವರೆಗೆ ಬಂದು ಒಂದು ಕಾಲು ಎತ್ತಿದಳು. ಕಾಲು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೊರಗೇ ಇಳಿಯಿತು.

"ಬಾ ತಂಗಿ" ಎಂದಳು ತುಂಗವ್ವ.

"ಹೆಂಗ ಬರ್ಲ್ರೀ? ಅಂದೀನಲ್ಲ" ಎಂದಳು ನಿಂಬೆವ್ವ.

ಮಾರನೆಯ ದಿನ ಊರೆಲ್ಲ ಇದೇ ಪಂಚಾಯ್ತಿ. ದಸ್ತಗೀರಣ್ಣನನ್ನು ಕಟ್ಟೆಯ ಮೇಲೆ ಕೂರಿಸಿ ಕೇಳಿದರು, ಗಾಲಿ ಮುಟ್ಟಿತೋ ಇಲ್ಲವೋ ಎಂದು.

"ಮುಟ್ಟಿತ್ರೆಪ. ಸ್ಟೇರಿಂಗಿನಾಗ ನನಗ ತಿಳೀತದ. ಸುಳ್ಳ ಹೆಂಗ ಹೇಳ್ಲಿ?" ಎಂದ ಅವನು.

"ನಡುಗೆರಿ ದಿಬ್ಬಾ ನೆಲ ಹೆಂಗಾಕ್ಕೈತಿ? ಅದು ಕೆರಿ ಹೊಟ್ಟಿ" ಎಂದ ಬೆಲ್ಲದ ವ್ಯಾಪಾರಿ.

"ನಾ ಕಣ್ಣಾರೆ ನೋಡೀನಿ, ಅಲ್ಲೆ ಕೊಕ್ಕರಿ ನಿಂತಿತ್ತು. ಕೊಕ್ಕರಿ ನಿಂತ್ರ ನೆಲಾ" ಎಂದ ಇನ್ನೊಬ್ಬ.

"ಕೊಕ್ಕರಿ ನೀರಾಗೂ ನಿಂತಿರ್ತೈತಲೋ ಶಾಣ್ಯಾ!"

ಹಿತ್ತಲ ಗೋಡೆ ಹಾರಿ ಬರಲಿ ಎಂದರು ಕೆಲವರು. "ಸೊಸಿ ಏನ ಕಳ್ಳಿಯೇನ?" ಎಂದು ಹೆಂಗಸರು ಗದರಿದರು. ಯಾರಾದರೂ ಎತ್ತಿಕೊಂಡು ಒಳಗೆ ಬಿಟ್ಟರೆ ಎಂದ ಒಬ್ಬ. ಎತ್ತಿದರೂ ದಾಟಿದ ಹಾಗೆಯೇ ಆಯಿತಲ್ಲ ಎಂದು ಅದೂ ಬಿತ್ತು. ತುಂಗವ್ವ ಕಟ್ಟೆಯ ತುದಿಯಲ್ಲಿ ನಿಂತು, ಮಾತಾಡುವವರ ಮುಖವನ್ನೇ ಒಂದೊಂದಾಗಿ ನೋಡುತ್ತಿದ್ದಳು. ಅವಳ ಪರಿಸ್ಥಿತಿ ಎಲ್ಲರಿಗೂ ಗೊತ್ತಿತ್ತು. ಸೊಸೆ ಬರದಿದ್ದರೆ ಹಗ್ಗವಿಲ್ಲ, ಹಗ್ಗವಿಲ್ಲದಿದ್ದರೆ ಸಂತೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಇನ್ನೊಂದು ಉಸಿರೇ ಇಲ್ಲ.

ನಿಂಬೆವ್ವನನ್ನು ನಾನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ಅವಳು ಒಂದು ಕಡೆ ಕೂರಲೊಲ್ಲಳು. ಅಂಗಳ ಗುಡಿಸುವಳು, ಗುಡಿಸಿದ್ದನ್ನೇ ಮತ್ತೆ ಗುಡಿಸುವಳು, ಬಾಗಿಲಿಗೆ ಬರುವಳು, ಹೋಗುವಳು. ಅತ್ತೆಯ ಮನೆಗೆ ಹೋಗುವ ಚಡಪಡಿಕೆ ಎಂದು ನಾನು ತಿಳಿದೆ. "ತಡಿ ಮಗಳ, ಒಂದ ದಾರಿ ಹುಡುಕೋಣು" ಎಂದರೆ ಮತ್ತೆ ಪೊರಕೆ ಹಿಡಿಯುವಳು. ಒಂದು ಸಲ ಮಾತ್ರ, ಪಾತ್ರೆ ತಿಕ್ಕುತ್ತ, "ಕಂಡಕ್ಟ್ರಕ್ಕ, ಸಂತಿ ದಾಟಿದ ಮ್ಯಾಲೆ ಆ ರಸ್ತಾ ಎಲ್ಲಿಗೆ ಹೋಕ್ಕೈತ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನ ದಾರಿ ದಡದಿಂದ ದಡಕ್ಕೆ. ನೀರಿನಿಂದ ಮೇಲಕ್ಕೆ ನೂರು ಹೆಜ್ಜೆ ನಾನೂ ಹೋದವಳಲ್ಲ.

ತುಂಗವ್ವ ದಿನಾ ಬಸ್ಸು ಹತ್ತತೊಡಗಿದಳು. ಮಾರಲು ಹಗ್ಗವಿಲ್ಲ, ಕೈಯಲ್ಲಿ ಚೀಲವಿಲ್ಲ. ಎಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರುವಳು. ನಾನು "ನೀರು" ಎಂದಾಗ ಎಲ್ಲರೂ ಅವಳ ಕಡೆ ತಿರುಗುವರು. ಅವಳು ಬಾಯಿ ತೆರೆಯುವಳು, ಪಕ್ಕದ ಖಾಲಿ ಸೀಟು ನೋಡಿ ಮುಚ್ಚುವಳು. ಅವಳು ಸುಮ್ಮನಿದ್ದರೆ ಉಳಿದವರಿಗೂ ಮಾತಾಡಲು ನಾಚಿಕೆ. ಬೆಲ್ಲದ ವ್ಯಾಪಾರಿ ಕೂಡ ಸುಣ್ಣದ ಸುದ್ದಿ ಬಿಟ್ಟ. ಬಸ್ಸಿನಲ್ಲಿ ಪಂಖದ ಸದ್ದು ಕೇಳಿಸುವಂತಾಯಿತು. ಹೇಳಿಕೊಳ್ಳದೆ ಇಳಿದವರು ದಡದಲ್ಲಿ ಅತ್ತಿತ್ತ ಓಡಾಡಿ, ಮತ್ತೆ ಬಸ್ಸು ಹತ್ತಿ, ಮತ್ತೆ ಹೇಳದೆ ಇಳಿಯುತ್ತಿದ್ದರು. ಇದು ಹೀಗೇ ನಡೆದರೆ ಊರಿಗೆ ಹುಚ್ಚು ಹಿಡಿಯುತ್ತದೆ ಎನಿಸಿತು ನನಗೆ.

ಒಂದು ಮಧ್ಯಾಹ್ನ ಬಕೀಟಿನಿಂದ ನೀರು ಚೆಲ್ಲುವಾಗ ದಾರಿ ಹೊಳೆಯಿತು. ಬಸ್ಸು ನಿಂತದ್ದೇ ತುಂಗವ್ವನ ಹತ್ತಿರ ಹೋಗಿ ಹೇಳಿದೆ: "ಅಕಿ ಏನಂದ್ಲು? ಹೊಸ್ತಿಲಾ ದಾಟಂಗಿಲ್ಲ ಅಂದ್ಲು. ಹೊಸ್ತಿಲಾನ ಇಲ್ಲದಿದ್ರ?"

ನಾನು ಹೇಳಿದ್ದು ಸಣ್ಣ ಮಾತೇನಲ್ಲ. ಅರಿಸಿನ ಹಚ್ಚಿ ಹಚ್ಚಿ ಹಳದಿಯಾದ ಮರ ಅದು. ತುಂಗವ್ವ ಮದುವೆಯಾಗಿ ಸೇರು ಒದ್ದು ಬಂದದ್ದು ಅದರ ಮೇಲಿಂದ, ಮಗನನ್ನು ಕೊನೆಗೆ ಎತ್ತಿಕೊಂಡು ಹೋದದ್ದೂ ಅದರ ಮೇಲಿಂದ. ಹೊಸ್ತಿಲು ಕಿತ್ತ ಮನೆಯಲ್ಲಿ ದೇವರು ನಿಲ್ಲುವುದಿಲ್ಲ ಎನ್ನುತ್ತಾರೆ.

"ಬಡಿಗ್ಯಾರ ಮೌನೇಶಗ ಹೇಳ" ಎಂದಳು. ಆಮೇಲೆ, "ನಾಳೆ ಅಲ್ಲ, ಈಗ" ಎಂದಳು.

ಮೌನೇಶ ಮೊದಲು ಒಲ್ಲೆನೆಂದ. ತನ್ನ ಉಳಿ ಕಟ್ಟುವುದಕ್ಕೇ ಹೊರತು ಕೀಳುವುದಕ್ಕಲ್ಲ ಎಂದ. ತುಂಗವ್ವ ತಾನೇ ಹಾರೆ ತಂದು ಗೋಡೆಯ ಸಂದಿಗೆ ಸಿಕ್ಕಿಸಿದಾಗ, "ಬಿಡಬೇ, ಗ್ವಾಡಿ ಬಿದ್ದೀತು" ಎಂದು ಕಸಿದುಕೊಂಡು ಕೆಲಸಕ್ಕೆ ನಿಂತ. ಮರ ಕರಕರ ಎಂದು ಮೇಲೆದ್ದಾಗ ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅಡಿಯಲ್ಲಿ ಹಳೆಯ ಕಾಲದ ಮಣ್ಣು, ಒಂದಿಷ್ಟು ಗೊದ್ದದ ಇರುವೆ. ತುಂಗವ್ವ ಆ ತಗ್ಗಿಗೆ ಮಣ್ಣು ತುಂಬಿ, ಕೈಯಿಂದ ಬಡಿದು, ಸಗಣಿಯಿಂದ ಸಾರಿಸಿದಳು. ಈಗ ಬೀದಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

ಊರಿಗೆ ಊರೇ ನಮ್ಮ ಮನೆಯ ಮುಂದೆ ಬಂತು. ಹೆಂಗಸರು ನಿಂಬೆವ್ವನ ತಲೆಗೆ ಹೂ ಮುಡಿಸಿದರು. ನಾನೇ ಮುಂದೆ ನಿಂತು ಕರೆದುಕೊಂಡು ಹೋದೆ. ಸಂತೋಷಕ್ಕಿಂತ ಹೆಚ್ಚಾಗಿ, ಇನ್ನಾದರೂ ಬಸ್ಸಿನಲ್ಲಿ ಮಾತಾಡಬಹುದಲ್ಲ ಎಂಬ ಆತುರ ಎಲ್ಲರಿಗೂ. ತುಂಗವ್ವ ಒಳಗೆ ನಿಂತಿದ್ದಳು, ಅವಳ ಉಗುರುಗಳಲ್ಲಿ ಇನ್ನೂ ಸಗಣಿ ಇತ್ತು.

ನಿಂಬೆವ್ವ ಬಾಗಿಲ ಮುಂದೆ ನಿಂತಳು. ಸಾರಿಸಿದ ನೆಲವನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಹಳದಿ ಮರವನ್ನು ನೋಡಿದಳು.

"ನೀವು ಇದನ್ನ ಕೀಳಸಬಾರದಿತ್ತು ಅತ್ತೆಮ್ಮಾರ" ಎಂದಳು.

"ಯಾಕ ತಂಗಿ? ಈಗೇನ ಅಡ್ಡಿ ಇಲ್ಲಲ್ಲ. ಬಾ."

"ಅಡ್ಡಿ ಹೊಸ್ತಿಲದ್ದ ಅಲ್ಲರೀ. ನಾ ಖರೇನ ಅಂದೆ."

ಯಾರೋ ಹಿಂದಿನಿಂದ, "ಏ ಹುಡುಗಿ, ನೋಡಿ ಮಾತಾಡ, ನೆಲದ ಮ್ಯಾಲ ನಿಂತೀ!" ಎಂದು ಎಚ್ಚರಿಸಿದರು.

"ಗೊತ್ತೈತ್ರಿ. ನೆಲದ ಮ್ಯಾಲನ ಹೇಳಾಕತ್ತೀನಿ" ಎಂದಳು ನಿಂಬೆವ್ವ. "ನೀರಾಗ ದಿನಾ ಹೇಳ್ತಿದ್ದೆ, ಹೋಕ್ಕೀನಿ, ಹೋಕ್ಕೀನಿ ಅಂತ. ಎಲ್ಲಾರೂ ನಕ್ರಿ. ನೀರಾಗಿನ ಮಾತು ಕೇಳೋ ಪದ್ಧತಿನ ಇಲ್ಲಲ್ಲ ನಮ್ಮಾಗ. ನೆಲದ ಮ್ಯಾಲ ಹೇಳಾಕ ಧೈರ್ಯ ಇರಲಿಲ್ಲ. ಅವತ್ತ ದಿಬ್ಬಾ ಹತ್ತಿದಾಗ ಕೆಳಗ ನೋಡಿದೆ, ಮಣ್ಣ ಕಂಡಿತು. ಈಗ ಅನಲಿಲ್ಲಂದ್ರ ಎಂದೂ ಅನ್ನಾಂಗಿಲ್ಲ ಅನಿಸ್ತು. ಅಂದೆ."

ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಎಲ್ಲರಿಗಿಂತ ಹತ್ತಿರ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

"ನನ್ನಿಂದ ಏನ ತಪ್ಪಾತು?" ಎಂದು ತುಂಗವ್ವ ಕೇಳಿದಳು. ನೆಲದ ಮೇಲೆ ಅವಳು ಅಷ್ಟು ನೇರವಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ನಿಮ್ಮದ ತಪ್ಪಿಲ್ಲ. ಈ ಮನಿಗೆ ಬಂದಾಗಿಂದ ನಾ ಹಿಂದಕ್ಕ ನಡದೀನ್ರಿ. ಮುಂಜಾನಿಂದ ಸಂಜಿತನಕಾ ಬೆನ್ನ ಮುಂದ ಮಾಡಿ ನಡದೀನಿ. ಕನಸಿನಾಗೂ ಹಿಂದಕ್ಕನ. ಎದುರಿಗೆ ಯಾವಾಗಲೂ ನಿಮ್ಮ ಮುಖಾ, ದೂರ ಹೋಗ್ಕೋಂತ, ಸಣ್ಣಾಗ್ಕೋಂತ. ಹಿಂದ ಏನೈತಿ ಗೊತ್ತಿಲ್ಲ. ಒಂದೀಟ ಮುಂದಕ್ಕ ನಡದ ನೋಡಬೇಕ್ರಿ ನಾ. ಸಂತಿಯಾಗ ಪಾತ್ರೆ ಮಾರೋ ಹುಲಿಗೆವ್ವ ಕರದಾಳ. ಊರೂರು ತಿರಗೋ ಟೆಂಪೋ ಐತಿ ಅಕಿದು. ಮುಂದಿನ ಸೀಟಿನಾಗ ಕುಂದರಸ್ತೀನಿ ಅಂದಾಳ."

ಜನರೆಲ್ಲ ತುಂಗವ್ವನ ಬಾಯಿಯನ್ನೇ ನೋಡುತ್ತಿದ್ದರು. ಎಲ್ಲರಿಗೂ ಒಂದೇ ಭಯ. ಈ ಹೊತ್ತಿನಲ್ಲಿ ಅವಳು 'ಹಾಳಾಗಿ ಹೋಗು' ಎಂದುಬಿಟ್ಟರೆ ಆ ಮಾತು ಎಂದೆಂದಿಗೂ ಉಳಿದುಬಿಡುತ್ತದೆ. ನಾನು ಅವಳ ಕೈ ಹಿಡಿದು, "ಬಸ್ಸ ನಿಂತೈತಿ, ಇಬ್ಬರೂ ಹತ್ತರಿ. ನೀರಾಗ ಮಾತಾಡ್ಕೊಳ್ಳರಿ" ಎಂದೆ. ಅವಳು ನನ್ನ ಕೈ ಕೊಡವಿದಳು.

"ಎಂಥಾ ಸೊಕ್ಕಿನಾಕಿ ನೀ!" ಎಂದಳು ಸೊಸೆಗೆ. ಬಸ್ಸಿನ ದನಿ, ಬಸ್ಸಿನ ಭಾಷೆ, ಆದರೆ ಕಾಲಡಿಯಲ್ಲಿ ನೆಲ. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಷ್ಟ ದಿನಾ ಹೊಟ್ಟಿಯೊಳಗ ಇಟಗೊಂಡ ಕುಂತಿದ್ದಿ? ನಾರ ಬಿಡಾಕ ಬರಲಿಲ್ಲ, ಮಾತ ಬಿಡಾಕೂ ಬರಲಿಲ್ಲ ನಿನಗ. ಹೋಗ. ನಡಿ. ನಡಿಯೋದ ಅಂದ್ರ ಮುಂದ ನೋಡಿ ನಡಿ, ಎಲ್ಲೂ ಎಡವಬ್ಯಾಡ. ಹೊತ್ತಹೊತ್ತಿಗೆ ಉಣ್ಣು. ಯಾರ ಮುಂದೂ ಹಲ್ಲು ಕಿರಿಬ್ಯಾಡ. ನಾ ಹೇಳೀನಿ, ತಿಳೀತಿಲ್ಲೋ?"

"ತಿಳೀತ್ರಿ" ಎಂದಳು ನಿಂಬೆವ್ವ. ಬಗ್ಗಿ ಅತ್ತೆಯ ಕಾಲು ಮುಟ್ಟಬೇಕೆಂದರೆ ಬಾಗಿಲು ದಾಟಬೇಕು. ಅವಳು ದಾಟಲಿಲ್ಲ. ತುಂಗವ್ವನೇ ಹೊರಗೆ ಬಂದಳು.

ಆ ಬಸ್ಸಿನಲ್ಲೇ ನಿಂಬೆವ್ವ ಹೊರಟಳು. ನಾನು "ನೀರು" ಎಂದಾಗ ಅವಳು ಏನಾದರೂ ಹೇಳಿಯಾಳೆಂದು ಕಾದೆವು. ಹೇಳುವುದೆಲ್ಲ ಮುಗಿದಿತ್ತು. ಆಚೆ ದಡದಲ್ಲಿ ಇಳಿದು, ಸಂತೆಯ ಮಂದಿಯ ನಡುವೆ ಸ್ವಲ್ಪ ಬಿರುಸಾಗಿಯೇ ನಡೆದುಹೋದಳು. ಹೊಸದಾಗಿ ಚಪ್ಪಲಿ ಹಾಕಿಕೊಂಡವರ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು.

ನಮ್ಮ ಬಸ್ಸಿಗೆ ಮತ್ತೆ ಬಾಯಿ ಬಂತು. ತುಂಗವ್ವ ಈಗ ನೀರಿನ ಮೇಲೆ ಸೊಸೆಯನ್ನು ಒಬ್ಬಳೇ ಬೈಯುತ್ತಾಳೆ, ಸೊಸೆಯ ಉತ್ತರಗಳನ್ನೂ ತಾನೇ ಹೇಳುತ್ತಾಳೆ. ಜನ ನಗುತ್ತಾರೆ. ಆದರೆ ಈಚೆಗೆ ಯಾರಾದರೂ ಒಂದೇ ಮಾತನ್ನು ದಿನಾ ದಿನಾ ಹೇಳುತ್ತಿದ್ದರೆ ನಾನು ಬಕೀಟು ಕೆಳಗಿಟ್ಟು ಕೇಳಿಸಿಕೊಳ್ಳುತ್ತೇನೆ. ಪದ್ಧತಿ ಅಲ್ಲ, ಆದರೂ ಕೇಳುತ್ತೇನೆ. ದಡ ಹತ್ತಿದ ಮೇಲೆ ಒಮ್ಮೊಮ್ಮೆ ಅವರ ಭುಜ ಮುಟ್ಟಿ, "ಏನರ ಹೇಳೋದೈತೇನು?" ಎನ್ನುತ್ತೇನೆ. ಬಹಳ ಮಂದಿ ಬೆಚ್ಚಿಬಿದ್ದು ಓಡಿಹೋಗುತ್ತಾರೆ.

ಮೌನೇಶ ಹೊಸ್ತಿಲು ಮತ್ತೆ ಕೂರಿಸಲು ಬಂದಿದ್ದ. ತುಂಗವ್ವ ಅವನಿಗೆ ಚಹಾ ಕೊಟ್ಟು ಕಳಿಸಿದಳು. "ಇರ್ಲಿ ಬಿಡು. ಅಕಿ ಬಂದ್ರ ಅಡ್ಡಿ ಆಗಬಾರ್ದು" ಎಂದಳಂತೆ. ಹೊಸ್ತಿಲಿಲ್ಲದ ಮನೆಗೆ ಕುರಿಗಳು ನುಗ್ಗುತ್ತವೆ, ಮಳೆ ಬಂದರೆ ಬೀದಿಯ ನೀರು ಒಲೆಯವರೆಗೆ ಹೋಗುತ್ತದೆ. ಅವಳು ನಾರಿನ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ತಾನೇ ಹಿಡಿದು ಹಿಂದಕ್ಕೆ ನಡೆದು, ಹೇಗೋ ಒಂದು ಹಗ್ಗ ಹೊಸೆದಿದ್ದಾಳೆ. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಕುರಿಗಳು ಬರದ ಹಾಗೆ ಅದನ್ನು ಬಾಗಿಲಿಗೆ ಅಡ್ಡ ಕಟ್ಟಿದ್ದಾಳೆ.

ನೋಡಿ ನಾನು, "ಇದೂ ಹೊಸ್ತಿಲಾ ಆದಂಗ ಆತಲ್ಲಬೇ?" ಎಂದೆ.

ತುಂಗವ್ವ ಹಗ್ಗವನ್ನು ಬೆರಳಿನಿಂದ ಒಮ್ಮೆ ಮೀಟಿ ನೋಡಿ, "ಹಗ್ಗಾ ದಾಟಂಗಿಲ್ಲ ಅಂತ ಅಕಿ ಅಂದಿಲ್ಲಲ್ಲ" ಎಂದಳು.